ಹಳೆಯ ಮಾರುತಿ 800: ಬಾಗಿಲಿನ ಒಳಹೊದಿಕೆ ಉಬ್ಬಿ ಬಿಟ್ಟುಕೊಳ್ಳುತ್ತಿದೆ, ಸರಿಪಡಿಸುವುದು ಹೇಗೆ?

ಪ್ರಶ್ನೆ (ಕುಂದಾಪುರದಿಂದ)

ಬಲ್ಲವರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿರುವುದು 1996ರಲ್ಲಿ ತಂದೆಯವರು ಕೊಂಡ ಮಾರುತಿ 800. ಎಂಜಿನ್ ಇಂದಿಗೂ ಸರಾಗವಾಗಿ ನಡೆಯುತ್ತದೆ. ಕಡಲ ಗಾಳಿಯ ಊರಾದರೂ ತಳಭಾಗಕ್ಕೆ ಕಾಲಕಾಲಕ್ಕೆ ತುಕ್ಕುನಿರೋಧಕ ಬಳಿಸುತ್ತ ಬಂದಿರುವುದರಿಂದ ಬಾಡಿಯೂ ಗಟ್ಟಿಯಾಗಿದೆ. ಕೆಡುತ್ತಿರುವುದು ಬಾಗಿಲುಗಳ ಒಳಹೊದಿಕೆ, ಅಂದರೆ ಡೋರ್ ಪ್ಯಾಡುಗಳು.

ಚಾಲಕನ ಬದಿಯ ಬಾಗಿಲಿನಲ್ಲಿ ಪ್ಯಾಡಿನ ಕೆಳಗಿನ ಮೂಲೆ ಉಬ್ಬಿ, ಒಳಗಿನ ಹಾರ್ಡ್‌ಬೋರ್ಡು ಪದರ ಪದರವಾಗಿ ಬಿಚ್ಚಿಕೊಂಡಿದೆ. ಅಲ್ಲಿದ್ದ ಕ್ಲಿಪ್ಪುಗಳು ಬೋರ್ಡನ್ನು ಹರಿದುಕೊಂಡು ಹೊರಬಂದಿರುವುದರಿಂದ ಕಾರು ಓಡುವಾಗ ಪ್ಯಾಡು ಬಾಗಿಲಿನ ತಗಡಿಗೆ ಬಡಿದು ಸದ್ದು ಮಾಡುತ್ತದೆ. ಮೇಲ್ಗಡೆ, ಗಾಜಿನ ಅಂಚಿನುದ್ದಕ್ಕೂ, ರೆಕ್ಸಿನ್ ಕುಗ್ಗಿ ಸುರುಳಿಯಾಗಿ ಎದ್ದಿದೆ. ಅದರ ಅಡಿಯಿಂದ ಹಳದಿ ಬಣ್ಣದ ಪುಡಿ ಸೀಟಿನ ಮೇಲೆ ಉದುರುತ್ತಿರುತ್ತದೆ. ಎಡಬದಿಯ ಮುಂಬಾಗಿಲಿನದು ಇಷ್ಟು ಕೆಟ್ಟಿಲ್ಲವಾದರೂ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಮೇಲೆ ಬಿಳಿ ಬೂಷ್ಟು ಕಾಣಿಸಿಕೊಂಡಿತು. ಹಿಂಬಾಗಿಲುಗಳ ಪ್ಯಾಡುಗಳು ಬಣ್ಣ ಮಾಸಿದ್ದರೂ ಗಟ್ಟಿಯಾಗಿವೆ.

ಇಲ್ಲಿನ ಕುಶನ್ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ನಾಲ್ಕೂ ಪ್ಯಾಡುಗಳನ್ನು ಕಿತ್ತುಹಾಕಿ, ಪ್ಲೈವುಡ್ ಕತ್ತರಿಸಿ, ಹೊಸ ರೆಕ್ಸಿನ್ ಹೊದಿಸಿ, ಮೇಲಿನಿಂದಲೇ ಸ್ಕ್ರೂ ಹೊಡೆದು ಕೂರಿಸಿಕೊಡುವುದಾಗಿ ಹೇಳಿದರು. ಪ್ಯಾಡಿನ ಮುಖದ ಮೇಲೆಲ್ಲ ಸ್ಕ್ರೂಗಳ ತಲೆ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಕಾರು ಆದಷ್ಟು ಮೊದಲಿದ್ದಂತೆಯೇ ಉಳಿಯಬೇಕೆಂಬುದು ನಮ್ಮ ಮನೆಯವರೆಲ್ಲರ ಆಸೆ. ಉಬ್ಬಿದ ಬೋರ್ಡನ್ನು ಒಣಗಿಸಿ ಭಾರವಿಟ್ಟರೆ ಮತ್ತೆ ಚಪ್ಪಟೆಯಾಗುವುದುಂಟೇ? ಇರುವ ರೆಕ್ಸಿನ್ನನ್ನೇ ಮತ್ತೆ ಅಂಟಿಸಬಹುದೇ? ಎಲ್ಲವನ್ನೂ ಹೊಸದಾಗಿ ಮಾಡಿಸುವುದೇ ಆದರೆ ಯಾವ ಬೋರ್ಡು, ಯಾವ ಅಂಟು ನಮ್ಮ ಕಡೆಯ ಮಳೆಗೆ ತಾಳಿಕೊಳ್ಳುತ್ತವೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ವಿನಂತಿ.

ಉತ್ತರ (ಮಂಗಳೂರಿನಿಂದ, ಬಾಡಿ ಕೆಲಸದ ಗ್ಯಾರೇಜ್ ನಡೆಸುವವರು)

ನಮಸ್ಕಾರ. ರೆಕ್ಸಿನ್, ಅಂಟು, ಪ್ಲೈವುಡ್ಡಿನ ಮಾತು ಆಮೇಲೆ. ನೀವು ಬರೆದಿರುವ ಲಕ್ಷಣಗಳನ್ನು ಓದಿದರೆ ಕೆಟ್ಟಿರುವುದು ಹೊದಿಕೆಯಷ್ಟೇ ಅಲ್ಲ, ಅದರ ಹಿಂದಿರುವ ಪಾಲಿಥೀನ್ ಹಾಳೆ ಹೋಗಿದೆ ಎಂಬುದು ನನಗೆ ಬಹುಮಟ್ಟಿಗೆ ಖಚಿತ. ಅದನ್ನು ಸರಿಪಡಿಸದೆ ಎಷ್ಟೇ ಒಳ್ಳೆಯ ಪ್ಯಾಡು ಮಾಡಿಸಿ ಹಾಕಿದರೂ ಒಂದೆರಡು ಮಳೆಗಾಲದಲ್ಲಿ ಅದೂ ಇದೇ ಸ್ಥಿತಿಗೆ ಬರುತ್ತದೆ.

ಕಾರಿನ ಬಾಗಿಲು ನೀರನ್ನು ಪೂರ್ತಿಯಾಗಿ ತಡೆಯುವ ಪೆಟ್ಟಿಗೆಯಲ್ಲ. ಗಾಜಿನ ಹೊರಮೈಗೆ ಒತ್ತಿಕೊಂಡಿರುವ ರಬ್ಬರ್ ಪಟ್ಟಿ ಮಳೆನೀರಿನ ಬಹುಪಾಲನ್ನು ಒರೆಸಿ ಹೊರಗೆ ಬಿಡುತ್ತದೆ. ಉಳಿದದ್ದು ಗಾಜಿನ ಜೊತೆಗೇ ಬಾಗಿಲಿನೊಳಕ್ಕೆ ಇಳಿದು, ತಳದಲ್ಲಿರುವ ರಂಧ್ರಗಳಿಂದ ಹೊರಬೀಳಬೇಕು. ಕಾರನ್ನು ತಯಾರಿಸುವಾಗಲೇ ಹೀಗೆ ವ್ಯವಸ್ಥೆ ಮಾಡಿರುತ್ತಾರೆ. ಒಳಗೆ ಇಳಿಯುವ ಈ ನೀರು ಮತ್ತು ತೇವ ಹಾರ್ಡ್‌ಬೋರ್ಡನ್ನು ಮುಟ್ಟದಿರಲೆಂದು ಬಾಗಿಲಿನ ಒಳತಗಡಿಗೆ ಕಪ್ಪು ಜಿಗುಟು ಅಂಟಿನಿಂದ ತೆಳುವಾದ ಪಾಲಿಥೀನ್ ಹಾಳೆಯೊಂದನ್ನು ಹಚ್ಚಿರುತ್ತಾರೆ. ಗಾಜು ಇಳಿಸುವ ಮೆಷೀನು ರಿಪೇರಿಗೋ ಸ್ಪೀಕರ್ ಕೂರಿಸುವುದಕ್ಕೋ ಪ್ಯಾಡು ಬಿಚ್ಚಿದವರು ಆ ಹಾಳೆಯನ್ನು ಹರಿದು ಮೂಲೆಗೆ ಎಸೆಯುವುದು ಬಹಳ ಸಾಮಾನ್ಯ; ಪ್ಯಾಡು ಮುಚ್ಚಿದ ಮೇಲೆ ಅದು ಇದೆಯೋ ಇಲ್ಲವೋ ಯಾರಿಗೂ ಕಾಣಿಸುವುದಿಲ್ಲ. ವರ್ಷಕ್ಕೆ ಸರಾಸರಿ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಹಾಳೆಯಿಲ್ಲದ ಬಾಗಿಲಿನ ಬೋರ್ಡು ಇಷ್ಟು ಕಾಲ ಉಳಿದದ್ದೇ ದೊಡ್ಡ ಮಾತು.

ಪ್ಯಾಡು ಬಿಚ್ಚುವಾಗ ಅವಸರ ಮಾಡಬೇಡಿ. ಗಾಜಿನ ಹ್ಯಾಂಡಲ್ಲನ್ನು ಹಿಡಿದಿರುವುದು ಅದರ ಹಿಂದಿರುವ ಕುದುರೆಲಾಳದ ಆಕಾರದ ಸ್ಪ್ರಿಂಗ್ ಕ್ಲಿಪ್. ಹ್ಯಾಂಡಲ್ಲಿಗೂ ಅದರ ಹಿಂದಿನ ಪ್ಲಾಸ್ಟಿಕ್ ಬಿಲ್ಲೆಗೂ ನಡುವೆ ಹಳೆಯ ಹತ್ತಿ ಬಟ್ಟೆಯ ಪಟ್ಟಿಯನ್ನು ತೂರಿಸಿ, ಎರಡೂ ತುದಿಗಳನ್ನು ಹಿಡಿದು ಎಡಕ್ಕೂ ಬಲಕ್ಕೂ ಉಜ್ಜುತ್ತ ಎಳೆದರೆ, ಬಟ್ಟೆಯ ಎಳೆ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದು ಹೊರಕ್ಕೆ ಸಿಡಿಯುತ್ತದೆ; ಎಲ್ಲಿ ಬಿತ್ತೆಂದು ಹುಡುಕುವ ಕಷ್ಟ ಬೇಡವೆಂದಿದ್ದರೆ ಇನ್ನೊಬ್ಬರು ಕೈ ಅಡ್ಡ ಹಿಡಿಯಲಿ. ಆರ್ಮ್‌ರೆಸ್ಟಿನ ಸ್ಕ್ರೂಗಳನ್ನೂ ಬಾಗಿಲು ತೆರೆಯುವ ಹಿಡಿಯ ಸುತ್ತಲಿನ ಚೌಕಟ್ಟನ್ನೂ ತೆಗೆದ ನಂತರ, ಬಟ್ಟೆ ಸುತ್ತಿದ ಅಗಲವಾದ ಪಟ್ಟಿ ಉಳಿಯನ್ನು ಪ್ಯಾಡಿನ ಅಂಚಿನಲ್ಲಿ ತೂರಿಸಿ, ಪ್ರತಿಯೊಂದು ಕ್ಲಿಪ್ಪಿನ ಹತ್ತಿರಕ್ಕೇ ಹೋಗಿ ಮೀಟಬೇಕು. ದೂರದಲ್ಲಿ ಮೀಟಿದರೆ ಕ್ಲಿಪ್ ಹಾಗೇ ಉಳಿದು ಬೋರ್ಡು ಹರಿಯುತ್ತದೆ.

ಬಿಚ್ಚಿದ ಮೇಲೆ ಮೊದಲು ಒಂದು ಪರೀಕ್ಷೆ ಮಾಡಿ. ಗಾಜನ್ನು ಪೂರ್ತಿ ಏರಿಸಿ, ಹೊರಗಿನಿಂದ ತಂಬಿಗೆಯಲ್ಲಿ ನೀರು ಸುರಿಯುತ್ತ, ಒಳಗೆ ಕುಳಿತವರು ಅದು ಎಲ್ಲಿ ಇಳಿಯುತ್ತದೆ, ತಳದ ರಂಧ್ರಗಳಿಂದ ಹೊರಬೀಳುತ್ತದೆಯೇ ಎಂದು ಟಾರ್ಚ್ ಹಾಕಿ ನೋಡಲಿ. ಒಳಗೆ ಇಳಿಯುವ ನೀರು ತೀರ ಹೆಚ್ಚಾಗಿದ್ದರೆ ಹೊರಗಿನ ರಬ್ಬರ್ ಪಟ್ಟಿ ಬಿಸಿಲಿಗೆ ಒಣಗಿ ಗಡುಸಾಗಿದೆ ಎಂದರ್ಥ, ಅದನ್ನು ಬದಲಿಸಿ. ರಂಧ್ರ ಕಟ್ಟಿಕೊಂಡಿದ್ದರೆ ಕಬ್ಬಿಣದ ತಂತಿಯಿಂದ ಕೆರೆಯಬೇಡಿ, ಬಣ್ಣ ಕಿತ್ತು ಅಲ್ಲಿಂದಲೇ ತುಕ್ಕು ಹತ್ತುತ್ತದೆ. ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯ ತುದಿ ಸಾಕು.

ಹೊಸ ಹಾಳೆಗೆ ದಪ್ಪನೆಯ ಪಾಲಿಥೀನ್ ಒಳ್ಳೆಯದು, 150 ಮೈಕ್ರಾನ್ ಇದ್ದರೆ ಸಾಕು. ಅದನ್ನು ಬ್ಯೂಟೈಲ್ ಟೇಪಿನಿಂದ, ಅಂದರೆ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುವ ರಬ್ಬರಿನಂಥ ಪಟ್ಟಿಯಿಂದ, ಸುತ್ತಲೂ ಬಿಡುವಿಲ್ಲದೆ ಅಂಟಿಸಿ. ಮುಖ್ಯವಾದ ವಿಷಯವೆಂದರೆ, ಹಾಳೆಯ ಕೆಳಗಿನ ಅಂಚು ಒಳತಗಡಿನ ಕೆಳಭಾಗದ ಸೀಳಿನೊಳಕ್ಕೆ ಹೋಗಿ ಬಾಗಿಲಿನ ಹೊಟ್ಟೆಯೊಳಗೆ ಇಳಿಬಿದ್ದಿರಬೇಕು. ಹಾಗಿದ್ದರೆ ಮಾತ್ರ ಹಾಳೆಯ ಮೇಲೆ ಹರಿದು ಬರುವ ನೀರು ಬಾಗಿಲಿನೊಳಕ್ಕೇ ಬೀಳುತ್ತದೆ. ಅಂಚನ್ನು ತಗಡಿನ ಮೇಲ್ಮೈಗೆ ಸುಮ್ಮನೆ ಹಚ್ಚಿಬಿಟ್ಟರೆ ಆ ನೀರು ನೇರವಾಗಿ ಪ್ಯಾಡಿನ ತಳಕ್ಕೆ ಬಂದು ನಿಲ್ಲುತ್ತದೆ, ಅಂದರೆ ನಿಮ್ಮ ಪ್ಯಾಡು ಕೊಳೆತಿರುವ ಆ ಜಾಗಕ್ಕೇ. ವಿನೆಗರ್ ವಾಸನೆ ಬರುವ ಸಿಲಿಕೋನ್ ಸೀಲಂಟನ್ನು ಇಲ್ಲಿ ಬಳಸಲೇಬೇಡಿ. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ.

ಉತ್ತರ (ಶಿವಮೊಗ್ಗದಿಂದ, ಸೀಟು ಮತ್ತು ಕುಶನ್ ಕೆಲಸ ಮಾಡುವವರು)

ಮಂಗಳೂರಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ಪ್ಯಾಡು ಮಾಡಿಸಲು ಬರುವ ಕಾರುಗಳಲ್ಲಿ ಹಾಳೆ ಸರಿಯಾಗಿರುವುದನ್ನು ನಾನು ಅಪರೂಪಕ್ಕೆ ನೋಡುತ್ತೇನೆ. ಇನ್ನು ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ.

ಉಬ್ಬಿದ ಹಾರ್ಡ್‌ಬೋರ್ಡು ಮತ್ತೆ ಚಪ್ಪಟೆಯಾಗುವುದಿಲ್ಲ. ಮರದ ನಾರನ್ನು ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ ಅದು; ನೀರು ಕುಡಿದು ನಾರುಗಳ ಹಿಡಿತ ಒಮ್ಮೆ ಬಿಟ್ಟರೆ ಎಷ್ಟು ಭಾರವಿಟ್ಟರೂ ಆ ಗಟ್ಟಿತನ ಮರಳಿ ಬರುವುದಿಲ್ಲ. ಬರಿಯ ಬಾಗಿರುವ, ಆದರೆ ಪದರ ಬಿಡದ ಬೋರ್ಡನ್ನು ಮಾತ್ರ ನೆರಳಲ್ಲಿ ಚೆನ್ನಾಗಿ ಒಣಗಿಸಿ, ಸಮತಟ್ಟಾದ ಜಾಗದಲ್ಲಿ ಭಾರವಿಟ್ಟು ಉಳಿಸಿಕೊಳ್ಳಬಹುದು. ಎಡಬಾಗಿಲಿನ ಪ್ಯಾಡು ಈ ಸ್ಥಿತಿಯಲ್ಲಿರಬಹುದು.

ಕೆಟ್ಟ ಬೋರ್ಡನ್ನು ಬಿಸಾಡುವ ಮುನ್ನ ಅದರ ನಕ್ಷೆ ತೆಗೆದುಕೊಳ್ಳಿ. ಹ್ಯಾಂಡಲ್ಲಿನ ರಂಧ್ರ, ಹಿಡಿಯ ಕಿಂಡಿ, ಪ್ರತಿಯೊಂದು ಕ್ಲಿಪ್ಪಿನ ಕೀಲಿರಂಧ್ರ, ಎಲ್ಲವನ್ನೂ ದಪ್ಪ ಕಾಗದದ ಮೇಲೆ ಗೆರೆ ಎಳೆದಿಟ್ಟುಕೊಳ್ಳಬೇಕು. ಚಾಲಕನ ಬದಿಯ ಪ್ಯಾಡಿನ ಕೆಳಮೂಲೆ ಆಕಾರವೇ ಕಳೆದುಕೊಂಡಿರುವುದರಿಂದ, ಎಡಬಾಗಿಲಿನ ಪ್ಯಾಡನ್ನು ಮಗುಚಿ ಹಾಕಿ ಅದರ ಅಂಚಿನಿಂದ ಆ ಭಾಗದ ಗೆರೆಯನ್ನು ತೆಗೆದುಕೊಳ್ಳಬಹುದು. ಎರಡೂ ಬಾಗಿಲುಗಳು ಕನ್ನಡಿಯ ಪ್ರತಿಬಿಂಬಗಳಂತೆಯೇ ಇರುತ್ತವೆ, ಆದರೂ ಕತ್ತರಿಸುವ ಮೊದಲು ಕಾಗದದ ನಕ್ಷೆಯನ್ನು ಬಾಗಿಲಿಗೆ ಹಿಡಿದು ತಾಳೆ ನೋಡುವುದು ಕ್ಷೇಮ.

ಪ್ಲೈವುಡ್ ತಪ್ಪು ಆಯ್ಕೆಯಲ್ಲ. ಆದರೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ, ನೀರು ತಾಳುವ ಮರೀನ್ ಪ್ಲೈ ಆಗಿರಬೇಕು, ದಪ್ಪ 3 ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಕುಶನ್ ಅಂಗಡಿಯವರು ಸ್ಕ್ರೂ ಹೊಡೆಯುತ್ತೇವೆ ಎನ್ನಲು ಕಾರಣ ಸಾಮಾನ್ಯವಾಗಿ ಇದೇ: 6 ಮಿಲಿಮೀಟರ್ ಪ್ಲೈ ಹಾಕಿದರೆ ಕಂಪನಿಯ ಕ್ಲಿಪ್ಪಿನ ಕುತ್ತಿಗೆ ಅದಕ್ಕೆ ಸಾಲುವುದಿಲ್ಲ. ತೆಳುವಾದ ಬೋರ್ಡು ಬಳಸಿ, ಕೀಲಿರಂಧ್ರಗಳನ್ನು ಮೊದಲಿನ ಜಾಗದಲ್ಲೇ ಕೊರೆದರೆ ಮುಖದ ಮೇಲೆ ಒಂದೇ ಒಂದು ಸ್ಕ್ರೂ ಬೇಕಾಗುವುದಿಲ್ಲ. ಕ್ಲಿಪ್ಪುಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಹಳೆಯವು ಗಡುಸಾಗಿ ಮುರಿಯುವುದರಿಂದ ಎಲ್ಲವನ್ನೂ ಹೊಸದಾಗಿಯೇ ಹಾಕಿ. ಪಿವಿಸಿ ಫೋಮ್ ಬೋರ್ಡು ನೀರಿಗೆ ಹೆದರುವುದಿಲ್ಲವೆಂದು ಕೆಲವರು ಅದನ್ನು ಹಾಕಿಸುತ್ತಾರೆ, ಆದರೆ ಬೇಸಿಗೆಯಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಕಾವಿಗೆ ಅದು ಮೆತ್ತಗಾಗಿ ಕ್ಲಿಪ್ಪುಗಳ ನಡುವೆ ಬಾಗುತ್ತದೆ.

ಕತ್ತರಿಸಿದ ಬೋರ್ಡಿನ ಎರಡೂ ಮೈಗೆ ವಾರ್ನಿಷ್ ಬಳಿಯಬೇಕು. ಅಂಚುಗಳಿಗೂ ರಂಧ್ರಗಳ ಒಳಗೋಡೆಗೂ ಒಂದು ಕೈ ಹೆಚ್ಚು ಬಳಿಯಿರಿ, ಏಕೆಂದರೆ ಬೋರ್ಡು ನೀರು ಕುಡಿಯುವುದು ಮೈಯಿಂದಲ್ಲ, ಅಂಚಿನಿಂದ. ಈ ಒಂದು ಕೆಲಸವನ್ನು ನೀವೇ ಎದುರಿಗೆ ನಿಂತು ಮಾಡಿಸಿ. ರೆಕ್ಸಿನ್ ಹೊದಿಸಿದ ಮೇಲೆ ಅಂಚಿಗೆ ಬಳಿದಿದ್ದಾರೆಯೇ ಇಲ್ಲವೇ ಎಂದು ನೋಡಲು ದಾರಿಯಿಲ್ಲ.

ಹಳದಿ ಪುಡಿ ರೆಕ್ಸಿನ್ನಿನ ಅಡಿಯಿದ್ದ ಸ್ಪಂಜಿನದು. ಅದರ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ, ಅಂಟು ಪುಡಿಯನ್ನು ಹಿಡಿಯುತ್ತದೆಯೇ ಹೊರತು ಬೋರ್ಡನ್ನಲ್ಲ. ಇರುವ ರೆಕ್ಸಿನ್ನನ್ನೇ ಉಳಿಸಬೇಕೆಂದಿದ್ದರೆ ಮೊದಲು ಅದರ ಒಂದು ಮೂಲೆಯನ್ನು ಮಡಿಚಿ ನೋಡಿ. ಮಡಿಕೆ ಬಿಟ್ಟೊಡನೆ ಸರಿಹೋದರೆ ಉಳಿಸಬಹುದು. ಗೆರೆ ಬಿದ್ದು ಬಿರುಕು ಕಾಣಿಸಿದರೆ ಅದರ ಆಯುಸ್ಸು ಮುಗಿದಿದೆ. ಉಳಿಸುವುದಾದರೆ ಹಿಂಬದಿಯ ಪುಡಿಯನ್ನೆಲ್ಲ ಮೆದುವಾದ ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಹೊಸದಾಗಿ 3 ಮಿಲಿಮೀಟರ್ ಸ್ಪಂಜನ್ನು ಇಟ್ಟು ಮತ್ತೆ ಹೊದಿಸಬೇಕು. ಕುಗ್ಗಿರುವ ಭಾಗಕ್ಕೆ ಹೇರ್ ಡ್ರೈಯರಿನಿಂದ ಹದವಾಗಿ ಕಾವು ಕೊಟ್ಟು ಎಳೆದರೆ ಸ್ವಲ್ಪ ಬರುತ್ತದೆ, ಪೂರ್ತಿ ಬರುವುದಿಲ್ಲ.

ಬಡಗಿಗಳು ಬಳಸುವ ಬಿಳಿ ಅಂಟು ಇಲ್ಲಿ ಬೇಡ, ತೇವಕ್ಕೆ ಬಿಡುತ್ತದೆ. ಬಿಸಿ ತಾಳುವ ಸಿಂಥೆಟಿಕ್ ರಬ್ಬರ್ ಅಂಟನ್ನು ಬೋರ್ಡಿಗೂ ರೆಕ್ಸಿನ್ನಿನ ಹಿಂಬದಿಗೂ ತೆಳುವಾಗಿ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗಲು ಬಿಟ್ಟು, ಆಮೇಲೆ ಜೋಡಿಸಿ ಬಲವಾಗಿ ಒತ್ತಬೇಕು. ಹಸಿಯಿದ್ದಾಗಲೇ ಜೋಡಿಸಿದರೆ ಒಳಗೆ ಸಿಕ್ಕಿಬಿದ್ದ ದ್ರಾವಕ ಮೊದಲ ಬಿಸಿಲಿಗೇ ಗುಳ್ಳೆ ಎಬ್ಬಿಸುತ್ತದೆ. ಅಂಟಿನಲ್ಲಿ ಟೊಲುವೀನ್ ಇರುವುದರಿಂದ ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ಕೆಲಸ ಮಾಡಿ. ಜಡಿಮಳೆಯ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ರೆಕ್ಸಿನ್ನನ್ನು ಅಂಚಿನಿಂದ ಹಿಂದಕ್ಕೆ 25 ಮಿಲಿಮೀಟರಿನಷ್ಟು ಮಡಿಸಿ ಅಂಟಿಸಬೇಕು. ದುಂಡಗಿನ ಮೂಲೆಗಳಲ್ಲಿ ಹಿಂಬದಿಯ ಮಡಿಕೆಗೆ ಸಣ್ಣ ಸಣ್ಣ ತ್ರಿಕೋನಗಳಾಗಿ ಕತ್ತರಿ ಹಾಕಿದರೆ ಸುಕ್ಕು ಕೂರುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ಮನಸ್ಸು ಸಿದ್ಧವಾಗಿರಲಿ. ಮೂಲ ಪ್ಯಾಡಿನ ಮೇಲಿರುವ ಒತ್ತುಗೆರೆಗಳು ಕಾರ್ಖಾನೆಯಲ್ಲಿ ಯಂತ್ರದ ಬಿಸಿಯಿಂದ ಮೂಡಿಸಿದವು. ನಮ್ಮಂಥವರ ಅಂಗಡಿಯಲ್ಲಿ ಅವುಗಳನ್ನು ಹಾಗೆಯೇ ಮೂಡಿಸಲಾಗುವುದಿಲ್ಲ. ರೆಕ್ಸಿನ್ನಿಗೆ ತೆಳು ಸ್ಪಂಜು ಸೇರಿಸಿ ಅದೇ ಗೆರೆಗಳ ಜಾಗದಲ್ಲಿ ಹೊಲಿಗೆ ಹಾಕಿದರೆ ಹತ್ತಿರದ ನೋಟ ಬರುತ್ತದೆ.

ಉತ್ತರ (ಬೆಂಗಳೂರಿನಿಂದ, ಹಳೆಯ ಕಾರುಗಳ ಆಸಕ್ತರು)

ಮೊದಲಿದ್ದಂತೆಯೇ ಉಳಿಯಬೇಕೆಂಬ ನಿಮ್ಮ ಆಸೆಯನ್ನು ಓದಿ ಸಂತೋಷವಾಯಿತು. ಹಾಗಿದ್ದರೆ ಗುಜರಿಯಲ್ಲಿ ಹುಡುಕುವುದನ್ನು ಏಕೆ ಬಿಡಬೇಕು? ಮಾರುತಿ 800 ತಯಾರಾದದ್ದು 1983ರಿಂದ 2014ರವರೆಗೆ, ದೇಶದ ಮೂಲೆಮೂಲೆಯಲ್ಲೂ ಓಡಿದ ಕಾರು. ಒಡೆಯಲು ಬಂದ ಕಾರುಗಳಲ್ಲಿ ಮೂಲ ಪ್ಯಾಡುಗಳು ಇನ್ನೂ ಸಿಗುತ್ತವೆ. ಬಯಲುಸೀಮೆಯ ಒಣಹವೆಯಲ್ಲಿದ್ದ ಕಾರಿನ ಬೋರ್ಡು ನಿಮ್ಮ ಕಡೆಯದಕ್ಕಿಂತ ಬಹಳ ಚೆನ್ನಾಗಿರುತ್ತದೆ. ಒತ್ತುಗೆರೆಯ ಸಮಸ್ಯೆಯೂ ಅಲ್ಲಿಗೆ ತೀರುತ್ತದೆ. ಆದರೆ ವರ್ಷ ಮತ್ತು ಮಾದರಿ ನೋಡಿ ಕೊಳ್ಳಬೇಕು: ಮಧ್ಯದಲ್ಲಿ ಒಳವಿನ್ಯಾಸ ಬದಲಾಗಿರುವುದರಿಂದ ಹಿಡಿಯ ಕಿಂಡಿಯೂ ಆರ್ಮ್‌ರೆಸ್ಟಿನ ರಂಧ್ರಗಳೂ ಎಲ್ಲ ವರ್ಷದ ಕಾರುಗಳಲ್ಲಿ ಹೊಂದುತ್ತವೆ ಎನ್ನಲಾಗದು. ಕಾಗದದ ನಕ್ಷೆಯನ್ನು ಜೊತೆಗೆ ಒಯ್ಯಿರಿ.

ಗಟ್ಟಿಯಾಗಿರುವ ಹಿಂಬಾಗಿಲುಗಳ ಪ್ಯಾಡುಗಳನ್ನು ಬಣ್ಣ ಹೊಂದಲಿ ಎಂಬ ಒಂದೇ ಕಾರಣಕ್ಕೆ ಕಿತ್ತುಹಾಕಿಸಬೇಡಿ ಎಂಬುದು ನನ್ನ ಕಳಕಳಿಯ ಕೋರಿಕೆ. ಮಾಸಿದ ಬಣ್ಣ ದೋಷವಲ್ಲ. ಒಮ್ಮೆ ಕಿತ್ತ ಮೂಲ ಹೊದಿಕೆ ಮತ್ತೆ ಬರುವುದಿಲ್ಲ.

ಉತ್ತರ (ಮೈಸೂರಿನಿಂದ, ರಸಾಯನಶಾಸ್ತ್ರದ ಅಧ್ಯಾಪಕರು)

ಗುಜರಿಯ ಪ್ಯಾಡಿನ ಬಗ್ಗೆ ಬೆಂಗಳೂರಿನವರು ಹೇಳಿದ್ದು ಬೋರ್ಡಿನ ಮಟ್ಟಿಗೆ ನಿಜ. ರೆಕ್ಸಿನ್ನಿನ ಮಟ್ಟಿಗೆ ಮಾತ್ರ ಅದನ್ನು ಪೂರ್ತಿಯಾಗಿ ಒಪ್ಪಲಾರೆ. ಅದೂ ಅಷ್ಟೇ ವಯಸ್ಸಿನದು, ಮೇಲಾಗಿ ಬಯಲುಸೀಮೆಯ ಬಿಸಿಲನ್ನು ಉಂಡದ್ದು.

ರೆಕ್ಸಿನ್ ಎಂದು ನಾವು ಕರೆಯುವುದು ಬಟ್ಟೆಯ ಮೇಲೆ ಪಿವಿಸಿ ಲೇಪಿಸಿದ ಹಾಳೆ. ಪಿವಿಸಿ ತನ್ನಷ್ಟಕ್ಕೆ ಗಡುಸಾದ ವಸ್ತು. ಮನೆಯ ನೀರಿನ ಪೈಪುಗಳು ಅದರಿಂದಲೇ ಆದವು. ಅದನ್ನು ಮೆದುವಾಗಿಸಲು ಥ್ಯಾಲೇಟ್ ಗುಂಪಿನ ಎಣ್ಣೆಯಂಥ ದ್ರವಗಳನ್ನು ಬೆರೆಸುತ್ತಾರೆ, ಅನೇಕ ವೇಳೆ ಒಟ್ಟು ತೂಕದ ಕಾಲುಭಾಗಕ್ಕೂ ಹೆಚ್ಚು. ಈ ದ್ರವ ಪಿವಿಸಿಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಅಣುಗಳ ನಡುವೆ ಸೇರಿಕೊಂಡಿರುತ್ತದೆ ಅಷ್ಟೆ. ಆದ್ದರಿಂದ ಕಾವಿಗೆ ಮೆಲ್ಲಮೆಲ್ಲನೆ ಹೊರಬರುತ್ತಲೇ ಇರುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಮುಂಗಾಜಿನ ಒಳಮೈಯಲ್ಲಿ ಮಂಜಿನಂಥ ಜಿಡ್ಡು ಕೂರುವುದನ್ನು ನೋಡಿರಬಹುದು, ಅದರಲ್ಲಿ ಈ ದ್ರವದ ಪಾಲೂ ಇರುತ್ತದೆ. ಹೊರಬಂದಷ್ಟು ರೆಕ್ಸಿನ್ ಕುಗ್ಗುತ್ತದೆ, ಗಡುಸಾಗುತ್ತದೆ. ನಿಮ್ಮ ಪ್ಯಾಡು ಅತಿ ಹೆಚ್ಚು ಬಿಸಿಲು ಬೀಳುವ ಗಾಜಿನ ಅಂಚಿನಲ್ಲೇ ಸುರುಳಿಯೆದ್ದಿರುವುದು ಇದರಿಂದಾಗಿ. ಕೆಳಗಿನ ಮೂಲೆಯ ಕೊಳೆತ ನೀರಿನದು, ಮೇಲಂಚಿನ ಕುಗ್ಗುವಿಕೆ ಬಿಸಿಲಿನದು. ಎರಡಕ್ಕೂ ಮದ್ದು ಬೇರೆ ಬೇರೆ. ಸ್ಪಂಜು ಪುಡಿಯಾಗಿರುವುದಂತೂ ಪಾಲಿಯುರಿಥೇನ್ ತೇವಕ್ಕೆ ವಿಘಟನೆಯಾದ ಫಲ, ಕರಾವಳಿಯಲ್ಲಿ ಅದು ಬೇಗ ಆಗುತ್ತದೆ.

ಇದೇ ದ್ರವ ಅಂಟನ್ನೂ ಮೆದುಗೊಳಿಸುತ್ತದೆ. ಸಾಮಾನ್ಯ ನಿಯೋಪ್ರೀನ್ ರಬ್ಬರ್ ಅಂಟು ಬರಿಯ ಪಿವಿಸಿ ಹಾಳೆಯನ್ನು ಕಾಲಾನಂತರ ಬಿಟ್ಟುಬಿಡುವುದು ಈ ಕಾರಣದಿಂದ. ಹಿಂಬದಿಯಲ್ಲಿ ಬಟ್ಟೆಯಿರುವ ರೆಕ್ಸಿನ್ನನ್ನೇ ಆರಿಸಿಕೊಂಡರೆ ಅಂಟು ಬಟ್ಟೆಯನ್ನು ಹಿಡಿಯುವುದರಿಂದ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಬಟ್ಟೆಯಿಲ್ಲದ್ದಾದರೆ ಪಾಲಿಯುರಿಥೇನ್ ಅಂಟು ಮೇಲು.

ಉಳಿದ ಪ್ಯಾಡುಗಳ ಆರೈಕೆಗೆ ಸೌಮ್ಯವಾದ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ ಸಾಕು. ಬೂಷ್ಟನ್ನು ಒಣಗಿರುವಾಗ ಉಜ್ಜಬೇಡಿ, ಬೀಜಕಣಗಳು ಕಾರಿನೊಳಗೆಲ್ಲ ಹರಡುತ್ತವೆ. ಒದ್ದೆ ಬಟ್ಟೆಯಿಂದ ಎತ್ತಿ, ಬಾಗಿಲುಗಳನ್ನು ತೆರೆದಿಟ್ಟು ಒಣಗಿಸಿ. ಪೆಟ್ರೋಲ್, ಥಿನ್ನರ್‌ಗಳಿಂದ ಒರೆಸುವುದು ಅಳಿದುಳಿದ ಮೆದುಕಾರಕವನ್ನೂ ಸೆಳೆದುಬಿಡುತ್ತದೆ. ತೆಂಗಿನೆಣ್ಣೆ ಸವರುವ ರೂಢಿ ನಮ್ಮಲ್ಲಿ ಬಹಳವಿದೆ, ಹೊಳಪು ಬರುವುದೂ ನಿಜ, ಆದರೆ ಅದು ಕಳೆದುಹೋದ ದ್ರವದ ಸ್ಥಾನವನ್ನು ತುಂಬುವುದಿಲ್ಲ. ಧೂಳನ್ನು ಹಿಡಿದು, ಕ್ರಮೇಣ ಕಮಟುತ್ತದೆ. ಸಿಲಿಕೋನ್ ಪಾಲಿಷನ್ನು ಮತ್ತೆ ಅಂಟು ಹಾಕಬೇಕಾದ ಭಾಗದ ಹತ್ತಿರಕ್ಕೂ ತರಬೇಡಿ, ಅದು ತಗುಲಿದ ಕಡೆ ಅಂಟು ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದವರು

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಚಾಲಕನ ಬಾಗಿಲನ್ನು ಬಿಚ್ಚಿ ನೋಡಿದೆವು. ಬಟ್ಟೆಯ ಉಪಾಯದಿಂದ ಹ್ಯಾಂಡಲ್ ಸುಲಭವಾಗಿ ಬಂತು. ಪಾಲಿಥೀನ್ ಹಾಳೆ ಮೇಲರ್ಧ ಮಾತ್ರ ಉಳಿದಿದೆ. ಸ್ಪೀಕರ್ ಕೂರಿಸಿದವರು ಅದರಿಂದ ಕೆಳಗಿನದನ್ನೆಲ್ಲ ಕತ್ತರಿಸಿ ತೆಗೆದಿದ್ದಾರೆ. ತಳದ ರಂಧ್ರವೊಂದರಲ್ಲಿ ಕೆಂಪುಮಣ್ಣು ಗಟ್ಟಿಯಾಗಿ ಕಟ್ಟಿಕೊಂಡಿತ್ತು, ತೆಗೆದೊಡನೆ ಕಂದು ಬಣ್ಣದ ನೀರು ಸುರಿಯಿತು. ಹೊರಗಿನ ರಬ್ಬರ್ ಪಟ್ಟಿಯೂ ಉಗುರು ನಾಟದಷ್ಟು ಗಡುಸಾಗಿದೆ. ಎಡಬಾಗಿಲಿನ ಬೋರ್ಡು ಬಾಗಿದೆಯೇ ಹೊರತು ಪದರ ಬಿಟ್ಟಿಲ್ಲ.

ಆದ್ದರಿಂದ ಚಾಲಕನ ಬದಿಯ ಬೋರ್ಡನ್ನು ಮಾತ್ರ ಮರೀನ್ ಪ್ಲೈನಲ್ಲಿ ಹೊಸದಾಗಿ ಮಾಡಿಸುವುದೆಂದೂ, ಎಡಬದಿಯದನ್ನು ಒಣಗಿಸಿ ಅಂಚಿಗೆ ವಾರ್ನಿಷ್ ಬಳಿದು ಉಳಿಸಿಕೊಳ್ಳುವುದೆಂದೂ, ಹಿಂಬಾಗಿಲುಗಳಲ್ಲಿ ಹಾಳೆ ಪರೀಕ್ಷಿಸಿ ಪ್ಯಾಡುಗಳನ್ನು ಹಾಗೆಯೇ ಬಿಡುವುದೆಂದೂ ನಿರ್ಧರಿಸಿದ್ದೇವೆ. ಒಂದು ಸಂದೇಹ ಉಳಿದಿದೆ. ಸ್ಪೀಕರ್ ಅಲ್ಲೇ ಇರಬೇಕಾದರೆ ಅದರ ಜಾಗದಲ್ಲಿ ಹಾಳೆಯನ್ನು ಕತ್ತರಿಸದೆ ಬೇರೆ ದಾರಿಯಿದೆಯೇ?

ಉತ್ತರ (ಮಂಗಳೂರಿನಿಂದ)

ಇದೆ. ಸ್ಪೀಕರಿನ ಹಿಂಬದಿ ಬಾಗಿಲಿನೊಳಗೆ ಚಾಚಿಕೊಂಡಿರುವುದರಿಂದ ಗಾಜಿನಿಂದ ಇಳಿಯುವ ನೀರು ಅದರ ಮೇಲೂ ಬೀಳುತ್ತದೆ. ಅದೇ ಪಾಲಿಥೀನಿನ ಇನ್ನೊಂದು ತುಂಡನ್ನು ಸ್ಪೀಕರ್ ರಂಧ್ರದ ಮೇಲಂಚಿಗೆ, ತಗಡಿನ ಒಳಬದಿಯಿಂದ ಬ್ಯೂಟೈಲ್ ಟೇಪಿನಲ್ಲಿ ಹಚ್ಚಿ, ಸ್ಪೀಕರಿನ ಹಿಂದೆ ಸೂರಿನಂತೆ ಇಳಿಬಿಡಿ. ಅದು ಸ್ಪೀಕರಿಗಿಂತ ಎರಡು ಬೆರಳಷ್ಟು ಅಗಲವಾಗಿರಲಿ, ಕೆಳಭಾಗ ತೆರೆದಿರಲಿ. ಗಾಜು ಇಳಿಯುವ ದಾರಿಗೆ ಅಡ್ಡ ಬರದಂತೆ ಗಾಜನ್ನು ಒಮ್ಮೆ ಪೂರ್ತಿ ಇಳಿಸಿ ನೋಡಿಕೊಳ್ಳಿ. ದೊಡ್ಡ ಹಾಳೆಯಲ್ಲಿ ಸ್ಪೀಕರಿನಷ್ಟೇ ದುಂಡಗಿನ ಕಿಂಡಿ ಕತ್ತರಿಸಿ, ಅದರ ಅಂಚನ್ನು ಸುತ್ತಲೂ ಟೇಪಿನಿಂದ ತಗಡಿಗೆ ಮುಚ್ಚಬೇಕು. ವೈರು ಹಾಳೆಯನ್ನು ದಾಟುವ ಜಾಗದಲ್ಲಿ ಅದನ್ನು ಮೊದಲು ಸ್ವಲ್ಪ ಕೆಳಕ್ಕೆ ಬಾಗಿಸಿ ಆಮೇಲೆ ಮೇಲೆತ್ತಿ ಒಳಗೆ ತನ್ನಿ, ಹಾಗಿದ್ದರೆ ವೈರಿನ ಜಾಡು ಹಿಡಿದು ಬರುವ ನೀರು ಬಾಗಿನ ತುದಿಯಲ್ಲೇ ಬಾಗಿಲಿನೊಳಕ್ಕೆ ತೊಟ್ಟಿಕ್ಕುತ್ತದೆ.

ಪ್ಯಾಡು ಕೂರಿಸುವ ಮೊದಲು ತಂಬಿಗೆ ನೀರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಹಾಳೆಯ ಈಚೆ ಬದಿಗೆ ಒಣ ಕಾಗದವನ್ನು ಕೆಳಗಿನ ಅಂಚಿನುದ್ದಕ್ಕೂ ಅಂಟಿಸಿಟ್ಟು ನೀರು ಸುರಿಯಿರಿ. ಕಾಗದದಲ್ಲಿ ಎಲ್ಲಿ ಕಲೆ ಮೂಡುತ್ತದೆಯೋ ಅಲ್ಲಿ ಟೇಪನ್ನು ಬಿಚ್ಚಿ ಮತ್ತೆ ಒತ್ತಿದರಾಯಿತು.